ಲಂಗದೊರೆ ಗುಡ್ಡ

ಕರೆಗುಡಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಎಡಕ್ಕೆ ನೋಡಿದರೆ ಬೋಳು ಬಂಡೆಗಳ ಒಂದು ಗುಡ್ಡ ಕಾಣುತ್ತದೆ. 'ಲಂಗದೊರೆ ಗುಡ್ಡ, ಯಾರ್ರೀ ಇಳಿಯೋರು?' ಎಂದು ಕಂಡಕ್ಟರು ಕೂಗಿದರೆ ಹೊಸಬರು ನಗುತ್ತಾರೆ, ಊರಿನವರು ನಗುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಆಳೆತ್ತರದ ಒಂದು ಕಲ್ಲಿದೆ. ಅದರಲ್ಲಿ ಕೆತ್ತಿದ ಗಂಡಸಿಗೆ ಮೀಸೆಯಿದೆ, ಸೊಂಟದಲ್ಲಿ ಬಾಕು ಇದೆ, ಆದರೆ ಕಚ್ಚೆ ಇಲ್ಲ. ಮೊಣಕಾಲವರೆಗೆ ನೆರಿಗೆ ನೆರಿಗೆಯಾದ ಒಂದು ಲಂಗ, ಅದರ ಮೇಲೆ ಉಳಿಯಲ್ಲಿ ಗೀರಿದ ಚೌಕಳಿ. ದೂರದಿಂದ ಬಂದ ಹೆಂಗಸರು ಯಾವುದೋ ಅಮ್ಮನವರೆಂದು ಬಳೆ ಏರಿಸಲು ಹೋಗುವುದುಂಟು. 'ಮೀಸೆ ಕಾಣ್ಸಾಕಿಲ್ವೇನವ್ವಾ? ನಮ್ಮ ದೊರೆ ಅದು' ಎಂದು ಪೂಜಾರಿ ಸಣ್ಣಮಾರಪ್ಪ ರೇಗುತ್ತಾನೆ. ನಾಲ್ಕಾರು ಸೀಮೆ ಸುತ್ತಿ, ಎಷ್ಟೋ ಊರಿನ ಕಲ್ಲುಗಳ ಕತೆ ಕೇಳಿದ ಮೇಲೂ ನನ್ನನ್ನು ಮತ್ತೆ ಮತ್ತೆ ಇದೇ ಕ್ರಾಸಿನಲ್ಲಿ ಇಳಿಸಿದ್ದು ಅವನು ಹೇಳಿದ ಈ ಸಂಗತಿ. ದೊರೆ ಎಂದು ಪೂಜೆಗೊಳ್ಳುವ ಆ ಮನುಷ್ಯ ಒಂದು ದಿನವೂ ದೊರೆಯಾಗಿರಲಿಲ್ಲವಂತೆ.

ಹಿಂದೆ ಒಮ್ಮೆ, ಕಂಪನಿ ಸರ್ಕಾರ ಇನ್ನೂ ಬೇರೂರುತ್ತಿದ್ದ ಕಾಲದಲ್ಲಿ, ಕರೆಗುಡಿಯ ಚಿಕ್ಕ ಕೋಟೆಯನ್ನು ಮುದ್ದಪ್ಪ ನಾಯಕನೆಂಬವನು ಆಳುತ್ತಿದ್ದ. ಅವನ ತಂದೆಗೆ ಇಟ್ಟುಕೊಂಡವಳಾದ ಬಂಗಾರವ್ವನಲ್ಲಿ ಹುಟ್ಟಿದ ಮಗ ಗಾದ್ರಪ್ಪ. ಮುದ್ದಪ್ಪ ನಾಯಕನ ತಾಯಿ ಬಾಣಂತನದಲ್ಲೇ ತೀರಿಕೊಂಡಿದ್ದರಿಂದ ಇಬ್ಬರೂ ಬಂಗಾರವ್ವನ ಹಾಲು ಕುಡಿದೇ ಬೆಳೆದವರು. ಮುಖದಲ್ಲಿ ಅಚ್ಚು ಒಂದೇ. ಒಬ್ಬ ಗದ್ದುಗೆಯ ಮೇಲೆ ಕೂತರೆ ಇನ್ನೊಬ್ಬ ಅದರ ಹಿಂದೆ ನಿಲ್ಲುತ್ತಿದ್ದ, ಅಷ್ಟೇ ವ್ಯತ್ಯಾಸ ಎನ್ನುತ್ತಾರೆ. ಆ ದಿನಗಳಲ್ಲಿ ಗುಡ್ಡಗಳ ಅಳತೆಗೆಂದು ಬಂದ ಸ್ಕಾಟ್ಲೆಂಡಿನ ಒಬ್ಬ ಸೇನಾಧಿಕಾರಿ ಚಳಿಜ್ವರ ಹಿಡಿದು ಕೋಟೆಯ ಹೊರಗಿನ ಛತ್ರದಲ್ಲಿ ಮಲಗಿದ. ಮಕ್ರೇ ಎಂದೇನೋ ಅವನ ಹೆಸರು. ಜನದ ಬಾಯಲ್ಲಿ ಮಕರಾಯನಾದ. ಬಂಗಾರವ್ವ ಕಷಾಯ ಕುಡಿಸಿ ಅವನನ್ನು ಉಳಿಸಿದಳು. ದೊರೆ ಮಾತ್ರ ಪರದೇಶದ ಜ್ವರಕ್ಕೆ ಹೆದರಿ ಛತ್ರದ ಕಡೆ ತಲೆ ಹಾಕಲಿಲ್ಲ.

ಚೇತರಿಸಿಕೊಂಡ ಮಕರಾಯ ಹೊರಡುವ ಮುಂಚೆ ತನ್ನ ಪೆಟ್ಟಿಗೆಯಿಂದ ಹಸಿರು ಕೆಂಪು ಚೌಕಳಿಯ ಉಣ್ಣೆಯ ಬಟ್ಟೆಯೊಂದನ್ನು ತೆಗೆದು ದೊರೆಗೆಂದು ಕಳಿಸಿದ. ಅವರ ಭಾಷೆಯಲ್ಲಿ ಅದು ಕಿಲ್ಟು. ತಮ್ಮ ಮಲೆಸೀಮೆಯಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಚೌಕಳಿಯೆಂದೂ, ಆ ಬೆಟ್ಟಗಳಿಗೆ ಬಂದರೆ ಅರಸುಮಕ್ಕಳೂ ಇದನ್ನು ಉಟ್ಟೇ ತಿರುಗುವರೆಂದೂ, ತನ್ನ ಮನೆಯ ಚೌಕಳಿ ಉಟ್ಟವನು ತನಗೆ ಒಡಹುಟ್ಟಿದವನೆಂದೂ ದುಭಾಷಿಯ ಕೈಲಿ ಹೇಳಿಸಿದ. ಕೊಟ್ಟ ಉಡುಗೊರೆಯನ್ನು ಕೊಟ್ಟವನ ಎದುರಿಗೇ ಉಡಬೇಕಾದದ್ದು ಕರೆಗುಡಿಯ ರೀತಿ. ಆದರೆ ಅದೇ ಮನೆತನದಲ್ಲಿ ಇನ್ನೊಂದು ರೀತಿಯೂ ಇತ್ತು. ಗಂಡಸು ಕಚ್ಚೆ ಬಿಚ್ಚಿ ನಾಲ್ಕು ಜನರ ಮುಂದೆ ನಿಲ್ಲುವುದು ಚಿತೆಗೆ ಕೊಳ್ಳಿ ಇಡುವಾಗ ಮಾತ್ರ. ಸುಮ್ಮನೆ ಹಾಗೆ ನಿಂತವನ ಬೆನ್ನಿಗೆ ಸಾವು ಬೀಳುತ್ತದೆಂಬ ಭಯ. ಮುದ್ದಪ್ಪ ನಾಯಕ ಬಟ್ಟೆಯನ್ನು ಮುಟ್ಟಿ ನೋಡಿದ, ಮಡಿಸಿದ, ಗಾದ್ರಪ್ಪನ ತೋಳಿನ ಮೇಲೆ ಹಾಕಿದ.

'ಅವನು ನನ್ನ ಮುಖ ಕಂಡಿಲ್ಲ. ನೀನೇ ಉಟ್ಟು ಗದ್ದುಗೆ ಮೇಲೆ ಕೂತ್ಕೋ.'

'ಸಾವು ನನಗೆ ತಗಲಾಕಿಲ್ವೇನಣ್ಣಯ್ಯಾ?' ಎಂದು ಗಾದ್ರಪ್ಪ ನಕ್ಕನಂತೆ. 'ಆಗಲಿ. ಗಾಳಿ ಚೆನ್ನಾಗಿ ಆಡ್ತದೆ ಬಿಡು.'

ಮಹಡಿಯ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಾಗ ಗಾದ್ರಪ್ಪ ಲಂಗ ಉಟ್ಟು ಗದ್ದುಗೆಯೇರಿದ. ಮಕರಾಯ ಅವನನ್ನು ತಬ್ಬಿಕೊಂಡು ಹೊರಟುಹೋದ. ಬಂಗಾರವ್ವ ಮಾತ್ರ ಅಂದು ಊಟಕ್ಕೆ ಏಳಲಿಲ್ಲ.

ಆಮೇಲೆ ಬರಗಾಲ ಬಿತ್ತು. ಕಂಪನಿ ಕಪ್ಪ ಏರಿಸಿತು. ಸಿಟ್ಟಿನ ಭರದಲ್ಲಿ ಮುದ್ದಪ್ಪ ನಾಯಕ ವಸೂಲಿಗೆ ಬಂದ ಅಮಲುದಾರನನ್ನು ಕೋಟೆ ಬಾಗಿಲಲ್ಲೇ ಕಡಿಸಿಹಾಕಿದ. ತಿಂಗಳೊಳಗೆ ದಂಡು ಬಂತು. ದೊರೆಯ ಗುರುತು ಬಲ್ಲವನೆಂದು ಅದರ ಮುಂದೆ ನಿಲ್ಲಿಸಿದ್ದು ಮಕರಾಯನನ್ನೇ. 'ನನ್ನ ಮನೆಯ ಬಟ್ಟೆ ಉಟ್ಟವನು ಹೊರಗೆ ಬರಲಿ, ಮಿಕ್ಕ ಯಾರ ಕೂದಲೂ ಕೊಂಕುವುದಿಲ್ಲ. ಬಾರದಿದ್ದರೆ ಕೋಟೆ ಸುಡುತ್ತದೆ' ಎಂದು ಬಾಗಿಲಲ್ಲಿ ಸಾರಿಸಿದರು. ಒಳಗೆ ಅಣ್ಣತಮ್ಮಂದಿರು ಎದುರುಬದುರು ನಿಂತರು. 'ನಾನಲ್ಲ ದೊರೆ' ಎಂದು ಗಾದ್ರಪ್ಪ ಕೂಗಿದರೆ ಮುಗಿಯಿತು, ಅವನ ಜೀವ ಉಳಿಯುತ್ತಿತ್ತು; 'ನಾನೇ ದೊರೆ' ಎಂದು ಮುದ್ದಪ್ಪ ನಾಯಕ ಬಾಯಿ ಬಿಟ್ಟರೂ ಮುಗಿಯಿತು.

'ಅಣ್ಣಯ್ಯಾ, ಉಡಲೇ?' ಎಂದ ಗಾದ್ರಪ್ಪ.

ಬೇಡವೆನ್ನಲು ಮುದ್ದಪ್ಪ ನಾಯಕನಿಗೆ ಬೇಕಾದಷ್ಟು ಹೊತ್ತಿತ್ತು ಎನ್ನುತ್ತಾರೆ. ಗಾದ್ರಪ್ಪ ನೆರಿಗೆ ಸರಿಮಾಡಿಕೊಳ್ಳುವಷ್ಟು ಹೊತ್ತು, ಅಂಗಳ ದಾಟುವಷ್ಟು ಹೊತ್ತು, ಆಳುಗಳು ದೊಡ್ಡ ಬಾಗಿಲಿನ ಅಗಳಿ ಎಳೆಯುವಷ್ಟು ಹೊತ್ತು. ಮುದ್ದಪ್ಪ ನಾಯಕ ನೆಲ ನೋಡುತ್ತ ನಿಂತ. ಕೋಟೆಯ ಒಳಗಿನವರಿಗೆಲ್ಲ ನಿಜ ಗೊತ್ತಿತ್ತು. ಅವರೂ ನೆಲ ನೋಡಿದರು. ಹೊರಗೆ ಮಕರಾಯ ತನ್ನ ಮನೆಯ ಚೌಕಳಿಯನ್ನು ಕಂಡು ಕುದುರೆಯ ಮೇಲೇ ಮುಖ ತಿರುಗಿಸಿದನಂತೆ; ಆದರೆ ಹುಕುಂ ಹುಕುಮೇ. ಗುಡ್ಡದ ನೆತ್ತಿಯಲ್ಲಿದ್ದ ಹುಣಸೆಮರಕ್ಕೆ ಗಾದ್ರಪ್ಪನನ್ನು ದೊರೆಯೆಂದೇ ನೇಣು ಹಾಕಿದರು. ಕರೆಗುಡಿಯ ಮುದ್ದಪ್ಪ ನಾಯಕ ಸತ್ತನೆಂದು ಡಂಗುರ ಹೊಡೆಸಿ, ಅವನ ಎಳೆಯ ಮಗನಿಗೆ ಪಟ್ಟ ಕಟ್ಟಿಸಿ ದಂಡು ಹೋಯಿತು.

ಹೆಣ ಇಳಿಸಿದವಳು ಬಂಗಾರವ್ವ. ಮಗನ ಮೈಮೇಲಿನ ಲಂಗವನ್ನು ಬಿಚ್ಚಿ, ತನ್ನ ಸೀರೆಯ ಅರ್ಧ ಹರಿದು ಅವನಿಗೆ ಹೊದಿಸಿ, ಆ ಲಂಗವನ್ನು ಹಿಡಿದು ಕೋಟೆಗೆ ಬಂದಳು. ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

'ನನ್ನ ಮಗನಿಗೆ ಮಕ್ಕಳಿಲ್ಲ. ಕೊಳ್ಳಿ ಇಡಾಕೆ ನೀನೇ ಬರಬೇಕಪ್ಪಾ. ಕಚ್ಚೆ ಬಿಚ್ಚು.'

ಮುದ್ದಪ್ಪ ನಾಯಕ ಅವಳೆದುರಿಗೇ ಕಚ್ಚೆ ಬಿಚ್ಚಿ ಆ ಲಂಗ ಉಟ್ಟ. ಉಣ್ಣೆ ಇನ್ನೂ ಬೆಚ್ಚಗಿತ್ತೆಂದು ಅವನೇ ಮುಂದೆ ಹೇಳುತ್ತಿದ್ದನಂತೆ. ಬಂಗಾರವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಈಗ ಉಟ್ಟೆಯಾ?' ಎಂದಳು. ಅಷ್ಟೇ.

ಸತ್ತವನು ದೊರೆಯೆಂದ ಮೇಲೆ ಬದುಕಿದವನು ಗಾದ್ರಪ್ಪನಾಗಲೇಬೇಕಾಯಿತು. ಹೆಂಡತಿ ತಾಳಿ ತೆಗೆದಳು. ಅವನು ಅರಮನೆ ಬಿಟ್ಟು ಬಂಗಾರವ್ವನ ಗುಡಿಸಲಿಗೆ ಇಳಿದು, ಅವಳಿಗೆ ನೀರು ಹೊತ್ತ, ಸೌದೆ ಒಡೆದ. ಗದ್ದುಗೆಯ ಮೇಲಿನ ಸ್ವಂತ ಮಗನಿಗೆ 'ಬುದ್ಧೀ' ಎಂದು ನಡು ಬಗ್ಗಿಸಿದ. ಮುದುಕಿ ಸಾಯುವವರೆಗೂ ಅವನನ್ನು ಮಗನ ಹೆಸರಿನಿಂದ ಒಮ್ಮೆಯೂ ಕೂಗಲಿಲ್ಲ, ಅವನ ಸ್ವಂತ ಹೆಸರಿನಿಂದಲೂ ಕೂಗಲಿಲ್ಲ. ಗುಡ್ಡದ ಮೇಲಿನ ಕಲ್ಲನ್ನು ಕೆತ್ತಿಸಿದವನು ಅವನೇ. ಯಾರದೆಂದು ಕೇಳಿದ ಕಲ್ಲುಕುಟಿಗನಿಗೆ 'ದೊರೆಯದು' ಎಂದನಂತೆ. ಕೊನೆಗಾಲದಲ್ಲಿ ಮಗನನ್ನು ಕರೆದು ಇದ್ದದ್ದನ್ನೆಲ್ಲ ಹೇಳಿದ. ಮಗ ಆ ಲಂಗ ಉಟ್ಟೇ ತಂದೆಗೆ ಕೊಳ್ಳಿ ಇಟ್ಟ.

ಇಂದಿಗೂ ಪಿತೃಪಕ್ಷದ ಅಮಾವಾಸ್ಯೆಯಂದು ಆ ಮನೆತನದ ಗಂಡಸರು ಬರುತ್ತಾರೆ. ಒಬ್ಬರು ಮೇಷ್ಟ್ರು, ಒಬ್ಬರು ಟ್ರ್ಯಾಕ್ಟರ್ ಮಾರುವವರು. ಗುಡ್ಡದ ಬುಡದಲ್ಲಿ ಪ್ಯಾಂಟು ಕಳಚಿ ಚೌಕಳಿಯ ಲಂಗ ಉಟ್ಟು, ಯಾರೊಡನೆಯೂ ಮಾತಾಡದೆ ಹತ್ತಿ, ಕಲ್ಲಿಗೆ ನೀರೆರೆದು ಇಳಿಯುತ್ತಾರೆ. ಹುಣಸೆಮರ ಈಗಿಲ್ಲ. ಕಲ್ಲಿನ ಮುಂದೆ ನೆಲಕ್ಕೆ ಸಮನಾಗಿ ಒಂದು ಚಪ್ಪಡಿ ಹಾಸಿದೆ. ಅದರ ಮೇಲೆ ಹೆಸರಿಲ್ಲ, ಕೆತ್ತನೆಯಿಲ್ಲ. ಮುದ್ದಪ್ಪ ನಾಯಕ ತಾನೇ ಕೇಳಿ ಹಾಸಿಸಿಕೊಂಡ ಕಲ್ಲು ಅದು, ಅವನ ಬೂದಿ ಅದರ ಅಡಿಯಲ್ಲಿದೆ ಎನ್ನುತ್ತಾರೆ. ದೊರೆಗೆ ಕೈ ಮುಗಿಯಲು ಹೋದವರೆಲ್ಲ ಚಪ್ಪಲಿ ಬಿಡುವುದು ಅದರ ಮೇಲೆಯೇ.