ಮುಚ್ಚಿದ ಮಗ್ಗದ ಗುಂಡಿ

"ಗುರುಗಳೇ, ಬಡವನಿಗೆ ಮನೆ ಬಾಡಿಗೆ ಭಾರವಾದರೆ ಅದನ್ನು ಅರ್ಧಕ್ಕೆ ಇಳಿಸುವುದು ರಾಜಧರ್ಮ ಹೌದೋ ಅಲ್ಲವೋ?"

ಕೇಳಿದವನು ಬೊಮ್ಮರಸ, ಒಂದು ಸಣ್ಣ ಸೀಮೆಯ ಅರಸುಮಗ. ಮಠದಲ್ಲಿ ಆರು ವರ್ಷ ಓದಿ ಮರುದಿನ ಊರಿಗೆ ಹೊರಡುವವನಿದ್ದ. ಪಟ್ಟವೇರಿದ ದಿನವೇ ಡಂಗುರ ಹೊಡೆಸಬೇಕೆಂದು ಬಾಡಿಗೆಯ ಆಜ್ಞೆಯನ್ನು ಬರೆದಿಟ್ಟುಕೊಂಡಿದ್ದ. ಅದಕ್ಕೆ ಗುರುಗಳ ಆಶೀರ್ವಾದ ಬೇಕಿತ್ತು.

"ಆಜ್ಞೆ ಬರೆದಾದ ಮೇಲೆ ಧರ್ಮ ಕೇಳುತ್ತಿದ್ದೀಯಲ್ಲ, ಭಲೇ. ತಾಳಿ ಕಟ್ಟಿ ಆಮೇಲೆ ಜಾತಕ ನೋಡಿಸಿದ ಹಾಗಾಯಿತು" ಎಂದರು ಗುರುಗಳು. "ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳತೊಡಗಿದರು.

ಹೊಳೆಯ ದಡದಲ್ಲಿ ನೇಕಾರರ ಒಂದು ಊರು. ಅಲ್ಲಿಯ ಮಗ್ಗ ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಹಾಗಾಗಿ ಆ ಊರಿನಲ್ಲಿ ಗುಂಡಿ ಇರುವ ಕೋಣೆಗೆ ಮಾತ್ರ ಬಾಡಿಗೆ ಮನೆ ಎಂದು ಹೆಸರು. ಗುಂಡಿ ಇಲ್ಲದ ಕೋಣೆ ಕೊಟ್ಟಿಗೆಗೆ ಸಮ.

ಒಂದು ಕಾಲಕ್ಕೆ ಆ ಊರಿನ ಸೀರೆಗೆ ಎಲ್ಲಿಲ್ಲದ ಬೇಡಿಕೆ ಬಂತು. ಸುತ್ತಲಿನ ನೇಕಾರರೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಂದರು. ಜನ ಹೆಚ್ಚಿದರು, ಕೋಣೆ ಸಾಲಲಿಲ್ಲ, ಬಾಡಿಗೆ ಏರಿತು. ಬಾಡಿಗೆ ಚೆನ್ನಾಗಿ ಬರುತ್ತದೆಂದು ಕಂಡವರೆಲ್ಲ ಗೋಡೆ ಎಬ್ಬಿಸಲು, ಗುಂಡಿ ತೋಡಲು ಹೊರಟರು. ಊರಾಚೆ ಎರಡು ಹೊಸ ಬೀದಿಗೆ ಪಾಯ ಬಿತ್ತು. ಗಾರೆಯವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಇನ್ನೆರಡು ವರ್ಷ ಸುಮ್ಮನಿದ್ದಿದ್ದರೆ ಕೋಣೆಗಳೇ ನೇಕಾರರನ್ನು ಹುಡುಕಿಕೊಂಡು ಬರುತ್ತಿದ್ದವು.

ಆದರೆ ಆ ಊರಿನ ದೊರೆ ಕರುಣಾಳು. ನಿನ್ನ ಹಾಗೆಯೇ. ನೇಕಾರರ ಗೋಳು ಕೇಳಿ ಅವನಿಗೆ ಅನ್ನ ಸೇರಲಿಲ್ಲ. ಬಾಡಿಗೆ ಅರ್ಧಕ್ಕೆ ಇಳಿಯಲಿ, ಇರುವ ಬಾಡಿಗೆದಾರನನ್ನು ಯಾರೂ ಬಿಡಿಸಕೂಡದು ಎಂದು ಡಂಗುರ ಹೊಡೆಸಿದ. ಬಾಡಿಗೆ ಇಳಿಯಿತೋ ಇಲ್ಲವೋ ನೋಡಲು ಹನ್ನೆರಡು ಮಂದಿ ಕಾವಲುಗಾರರು ಬಂದರು. ಅವರ ಸಂಬಳಕ್ಕೆ ಮಗ್ಗಕ್ಕೊಂದು ಹೊಸ ತೆರಿಗೆ ಬಂತು. ಹೂಂ, ನಗಬೇಡ. ತೆರಿಗೆ ಕಟ್ಟಿದವರು ಆ ನೇಕಾರರೇ.

ಮನೆಯೊಳಗೆ ಆಗಲೇ ಇದ್ದವರು ದೊರೆಯನ್ನು ಹಾಡಿ ಹೊಗಳಿದರು. ಸುಳ್ಳಲ್ಲ, ಅವರಿಗೆ ಒಳ್ಳೆಯದೇ ಆಯಿತು. ಆದರೆ ಗಾರೆಯವನು ಕರಣೆ ತೊಳೆದು ಬೇರೆ ಊರಿಗೆ ಹೋದ. ಹೊಸ ಬೀದಿಗಳ ಪಾಯದಲ್ಲಿ ಔಡಲ ಗಿಡ ಬೆಳೆಯಿತು. ಒಂದು ಕೋಣೆ ಖಾಲಿಯಾದರೆ ಮನೆಯ ಒಡೆಯರು ಮೊದಲು ಮಾಡುತ್ತಿದ್ದ ಕೆಲಸ, ನಾಲ್ಕು ಬುಟ್ಟಿ ಮಣ್ಣು ತಂದು ಗುಂಡಿ ಮುಚ್ಚುವುದು. ಗುಂಡಿ ಇಲ್ಲದ ಮೇಲೆ ಅದು ಬಾಡಿಗೆ ಮನೆಯೂ ಅಲ್ಲ, ಕಾವಲುಗಾರರ ಕಾಟವೂ ಇಲ್ಲ.

ಆಗ ಅಲ್ಲಿಗೆ ಚೌಡಪ್ಪ ಎಂಬ ನೇಕಾರ ಬಂದ. ಗಾಡಿಯಲ್ಲಿ ಬಿಚ್ಚಿದ ಮಗ್ಗ, ಮಗ್ಗಕ್ಕೆ ಉದ್ದಕ್ಕೆ ಹಾಸಲು ಗಂಜಿ ಹಾಕಿ ಸುತ್ತಿದ ನೂಲು, ಏಳು ತಿಂಗಳ ಬಸುರಿ ಹೆಂಡತಿ. ಇದ್ದಬದ್ದ ದುಡ್ಡೆಲ್ಲ ಆ ನೂಲಿಗೆ ಸುರಿದಿದ್ದ. ಮುಂಗಾರು ಬೀಳುವುದರೊಳಗೆ ಅದನ್ನು ಮಗ್ಗಕ್ಕೆ ಏರಿಸಬೇಕು. ಗಂಜಿ ನೂಲು ನೆನೆದರೆ ಅಂಟಿ, ಬೂಸಲು ಹಿಡಿದು, ಬೆಂಕಿಗೂ ಬಾರದು. ಹತ್ತು ದಿನ ಬೀದಿ ಬೀದಿ ತಿರುಗಿದ. ಕೊನೆಗೆ ಕಾಳವ್ವ ಎಂಬ ವಿಧವೆಯ ಬಾಗಿಲಿಗೆ ಬಂದ.

"ಅವ್ವಾ, ನಿಮ್ಮ ಮನೇಲಿ ಗುಂಡಿಯಿರೋ ಕೋಣೆ ಇತ್ತಂತೆ."

"ಇತ್ತಪ್ಪ. ಹೋದ ತಿಂಗಳು ಮುಚ್ಚಿಸಿದೆ. ಈಗ ಎಮ್ಮೆ ಕಟ್ಟಿದ್ದೀನಿ."

"ಮೊದಲಿನ ಬಾಡಿಗೇನೇ ಕೊಡ್ತೀನಿ. ಗುಂಡಿ ನಾನೇ ತೋಡ್ಕೋತೀನಿ. ನೀವು ಹೂಂ ಅಂದ್ರೆ ಸಾಕು."

"ಮೊದಲಿನದು ತಗೊಂಡ್ರೆ ನನ್ನನ್ನ ಚಾವಡಿಗೆ ಎಳೀತಾರೆ. ಅರ್ಧ ತಗೊಂಡ್ರೆ ಸೋರೋ ಮಾಡಿಗೆ ಹೆಂಚು ಹಾಕ್ಸೋಕೂ ಸಾಲ್ದು. ಎಮ್ಮೆಯಾದ್ರೆ ಹಾಲಾದ್ರೂ ಕೊಡ್ತದೆ. ನಿನ್ನ ಮೇಲೆ ನಂಗೇನು ಸಿಟ್ಟಪ್ಪಾ? ನಾನೂ ಹೆತ್ತವಳೇ."

ಕಾಳವ್ವ ಕೆಟ್ಟವಳಲ್ಲ. ಬಸುರಿಗೆ ಮಜ್ಜಿಗೆ ಕೊಟ್ಟಳು, ತಲೆ ಸವರಿದಳು, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಚೌಡಪ್ಪ ನೇರ ದೊರೆಯ ಮುಂದೆ ಹೋಗಿ ನಿಂತ. ಹೊಳೆಯಾಚೆಯ ಊರಿಗೆ ಹೋಗುತ್ತೇನೆ, ಗಾಡಿ ದಾಟಿಸಲು ದೊಡ್ಡ ದೋಣಿ ಕೊಡಿಸಿ ಎಂದು ಬೇಡಿದ.

ದೊರೆಗೆ ಆಶ್ಚರ್ಯವಾಯಿತು. "ಆಚೆ ಊರಲ್ಲಿ ಬಾಡಿಗೆ ಇಲ್ಲಿಯ ಎರಡರಷ್ಟಿದೆಯಲ್ಲಯ್ಯಾ. ಇಷ್ಟು ಅಗ್ಗದ ಮನೆ ನಿನಗೆ ಇನ್ನೆಲ್ಲಿ ಸಿಕ್ಕೀತು?"

"ಅಗ್ಗವೇ, ನನ್ನೊಡೆಯಾ. ಬಾಡಿಗೆ ಬಹಳ ಅಗ್ಗ. ಮನೆ ಮಾತ್ರ ಇಲ್ಲ."

ಸಭೆಯಲ್ಲಿ ಕೆಲವರು ನಕ್ಕರು. ದೊರೆ ನಗಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಬಂತು, ನಾನು ಅವನನ್ನು ಹಂಗಿಸುತ್ತಿಲ್ಲ. ಕಣ್ಣೊರೆಸಿಕೊಂಡು ಏನು ಮಾಡಿದ ಗೊತ್ತೇ? ಗುಂಡಿ ಮುಚ್ಚಿದವರಿಗೆ ದಂಡ ಎಂದು ಇನ್ನೊಂದು ಡಂಗುರ ಹೊಡೆಸಿದ. ಅದನ್ನು ನೋಡಿಕೊಳ್ಳಲು ಮತ್ತೆ ಹನ್ನೆರಡು ಮಂದಿಯನ್ನು ನೇಮಿಸಿದ. ನೆಗಡಿ ಬಂತೆಂದು ಮೂಗು ಕೊಯ್ದದ್ದಾಯಿತು, ಇನ್ನು ತುಟಿಗೆ ಕತ್ತಿ ಹಿಡಿದ. ಕೋಣೆಯೇ ಇಲ್ಲದಿದ್ದರೆ ಗುಂಡಿ ಮುಚ್ಚಿದ ತಪ್ಪೂ ಇಲ್ಲವೆಂದು ಮನೆಯ ಒಡೆಯರು ದಂಡಕ್ಕೆ ಹೆದರಿ ಗೋಡೆಯನ್ನೇ ಕೆಡವಿದರು.

ದೋಣಿಯ ಅಪ್ಪಣೆ ಕೈಗೆ ಬರಲು ಮೂರು ದಿನ ಹಿಡಿಯಿತು. ಚೌಡಪ್ಪನ ಗಾಡಿ ನಡುಹೊಳೆಯಲ್ಲಿದ್ದಾಗ ಮುಂಗಾರಿನ ಮೊದಲ ಮಳೆ ಬಿತ್ತು. ಹೆಂಡತಿ ತನ್ನ ಸೀರೆಯನ್ನೇ ಬಿಚ್ಚಿ ನೂಲಿಗೆ ಹೊದಿಸಿದಳು. ನೂಲು ಉಳಿಯಲಿಲ್ಲ. ಆಚೆ ದಡದಲ್ಲಿ ಗುಂಡಿಯಿದ್ದ ಕೋಣೆ ಸಿಕ್ಕಿತು, ಬಾಗಿಲು ತೆಗೆದು ಕರೆದರು. ಮಗ್ಗಕ್ಕೆ ಏರಿಸಲು ಮಾತ್ರ ಏನೂ ಇರಲಿಲ್ಲ. ಅಂಥ ಕೈ ಅದು, ಹೂವಿನ ಅಂಚು ನೇಯುತ್ತಿದ್ದ ಕೈ, ನಾಲ್ಕು ವರ್ಷ ಕಂಡವರ ಕೆರೆಯಲ್ಲಿ ಮಣ್ಣು ಹೊತ್ತಿತು.

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮರಸನ ಮುಖ ಕೆಂಪಾಗಿತ್ತು.

"ಹಾಗಾದರೆ ಗುರುಗಳೇ, ನನ್ನ ಊರಲ್ಲೂ ಅಂಥವನೊಬ್ಬ ಗಾಡಿ ಕಟ್ಟಿಕೊಂಡು ಬಂದರೆ ನಾನು ಕೈಕಟ್ಟಿ ಕೂರಬೇಕೇ? ಕರುಣೆ ತೋರಿಸುವುದೇ ತಪ್ಪೇ?"

ಗುರುಗಳು ಕೇಳಿದರು: "ನಿನ್ನ ಅರಮನೆಯಲ್ಲಿ ಖಾಲಿ ಬಿದ್ದಿರುವ ಕೋಣೆಗಳು ಎಷ್ಟು?"

ಬೊಮ್ಮರಸ ಬೆರಳು ಮಡಿಚಿ ಎಣಿಸತೊಡಗಿದ. ಎರಡೂ ಕೈಯ ಬೆರಳು ಸಾಲಲಿಲ್ಲ.