ಒಂದೇ ತೊಲೆಯ ಎರಡು ಹಗ್ಗ

"ಅಕ್ಕೋರೇ, ನಾನು ಕೂತಿದ್ದು ಇಲ್ಲಿ. ಆಜ್ಞೆ ಬರೆದದ್ದೂ ಇಲ್ಲಿ. ಅಳಿಸಿಹೋದದ್ದು ಮಾತ್ರ ಅಲ್ಲೆಲ್ಲೋ. ಅದು ನನ್ನ ತಪ್ಪು ಹೇಗಾಗುತ್ತದೆ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗೌರವ್ವನವರು ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಬಸ್ ನಿಲ್ದಾಣದ ಮೇಲಿನ ಆ ಕೋಣೆಯಲ್ಲಿ ಅವರು ಕಂಪ್ಯೂಟರ್ ಕಲಿಸುತ್ತಿದ್ದರು. ಚನ್ನವೀರನ ಪರದೆಯಲ್ಲಿ ಎರಡು ಕಿಟಕಿ ತೆರೆದಿದ್ದವು. ಒಂದು ಅವನ ಎದುರಿನ ಯಂತ್ರದ್ದು, ಇನ್ನೊಂದು ದೂರದ ಸರ್ವರಿನದು. ಎರಡೂ ಕಪ್ಪು, ನೋಡಲು ಒಂದೇ ಥರ. ತನ್ನ ಅಭ್ಯಾಸದ ಫೈಲುಗಳೆಂದುಕೊಂಡು ಅವನು ಸರ್ವರಿನಲ್ಲಿದ್ದ ನೇಕಾರರ ಸಂಘದ ಸೀರೆ ನಕ್ಷೆಗಳನ್ನು ಅಳಿಸಿಬಿಟ್ಟಿದ್ದ. ಬೇರೆ ಪ್ರತಿ ಇರಲಿಲ್ಲ. ನೇಕಾರರ ಊರಿನಲ್ಲಿ ಮಗ್ಗಗಳು ಬೆಳಗಿನಿಂದ ನಿಂತಿದ್ದವು.

ಸಿಟ್ಟು ಏರಿದಷ್ಟೂ ಗೌರವ್ವನವರ ದನಿ ತಗ್ಗುತ್ತಿತ್ತು. "ಕೇಳು" ಎಂದರು.

ಒಬ್ಬ ರೈತನಿದ್ದ. ಕೆರೆಯ ತೂಬು ತೆಗೆಯಲು ದಿನಾ ನಡೆಯುವುದೆಂದರೆ ಅವನಿಗೆ ಬೇಸರ. ತೂಬಿನ ಹಲಗೆಗೆ ಉದ್ದನೆಯ ಹಗ್ಗ ಕಟ್ಟಿ, ಮನೆಯ ಜಗಲಿಯ ತನಕ ತಂದು, ತೊಲೆಯಿಂದ ಇಳಿಬಿಟ್ಟ. ಕೂತಲ್ಲೇ ಎಳೆದರೆ ಹೊಲಕ್ಕೆ ನೀರು. ಮಗುವಿನ ತೊಟ್ಟಿಲು ತೂಗುವ ಹಗ್ಗವೂ ಅದೇ ತೊಲೆಯಲ್ಲಿತ್ತು.

ಬೆಳಗಿನ ನೀರು ಹರಿದು ನಿಂತ ಮೇಲೆ, ಕಾಲುವೆಯ ತಗ್ಗಿನಲ್ಲಿ ಒಬ್ಬ ಕುಂಬಾರಗಿತ್ತಿ ಹಸಿ ಮಡಕೆಗಳನ್ನು ಒಣಗಲು ಇಡುತ್ತಿದ್ದಳು. ಒಂದು ದಿನ ಅವಳು ಜಗಲಿಗೆ ಬಂದು, "ಅಣ್ಣಾ, ಎರಡು ಹಗ್ಗವೂ ಒಂದೇ ಥರ ಇವೆಯಲ್ಲ. ಒಂದಕ್ಕೆ ಕೆಂಪು ಬಟ್ಟೆಯ ಚೂರಾದರೂ ಕಟ್ಟು" ಎಂದಳು.

"ನನ್ನ ಜಗಲಿ, ನನ್ನ ಹಗ್ಗ. ನಿನ್ನ ಮಡಕೆ ನೀನು ನೋಡಿಕೋ ಹೋಗಮ್ಮ."

ಒಂದು ಮಧ್ಯಾಹ್ನ ಮಗು ಅತ್ತಿತು. ರೈತ ಅರೆನಿದ್ದೆಯಲ್ಲೇ ಕೈಚಾಚಿ ಹಗ್ಗ ಎಳೆದ. ಮಗು ಸುಮ್ಮನಾಗಲಿಲ್ಲ. ಇನ್ನೂ ಜೋರಾಗಿ ಎಳೆದ.

ಸಂಜೆ ಕುಂಬಾರಗಿತ್ತಿ ಬಂದು ಒಂದು ಬೊಗಸೆ ಕೆಸರನ್ನು ಅವನ ಮುಂದೆ ಸುರಿದಳು. "ತಗೋ, ನನ್ನ ಮಡಕೆ."

"ನಾನು ತೂಗಿದ್ದು ತೊಟ್ಟಿಲು ತಾಯಿ! ಜಗಲಿ ಬಿಟ್ಟು ಇಳಿದೇ ಇಲ್ಲ."

"ಇಳಿದಿದ್ದರೆ ನಿನ್ನ ಕಾಲಾದರೂ ಒದ್ದೆಯಾಗುತ್ತಿತ್ತು" ಎಂದು ಅವಳು ಹೊರಟುಹೋದಳು.

ಕತೆ ಮುಗಿಯಿತು. ಚನ್ನವೀರ ಸರಕ್ಕನೆ ಪರದೆಯತ್ತ ತಿರುಗಿದ. "ತಿಳಿಯಿತು ಅಕ್ಕೋರೇ. ಸರ್ವರಿನ ಕಿಟಕಿಗೆ ಈಗಲೇ ಕೆಂಪು ಬಣ್ಣ ಹಾಕುತ್ತೇನೆ."

"ಬಣ್ಣ ಆಮೇಲೆ, ನೇಕಾರರ ಊರಿನ ಬಸ್ಸು ಕೆಳಗೆ ನಿಂತಿದೆ, ಇಳಿದು ಹೋಗಿ ನಿನ್ನ ಪ್ರಶ್ನೆಯನ್ನು ಅವರಿಗೇ ಕೇಳು."