ಹೊಳೆಯ ನಡುವಿನ ಜ್ವರ

ಹೊಳೆಯ ಈ ದಡ ಒಂದು ದೇಶ, ಆ ದಡ ಇನ್ನೊಂದು ದೇಶ. ಈ ದಡದಲ್ಲಿ ಒಂದು ಆಶ್ರಮ. ಅಲ್ಲಿ ಮಹಲಿಂಗ ಗುರುಗಳು, ಅವರ ಬಳಿ ಹಂಪಣ್ಣ ಎಂಬ ಶಿಷ್ಯ.

ಆ ಬೇಸಿಗೆಯಲ್ಲಿ ಎರಡೂ ದಡಕ್ಕೆ ಮಲೇರಿಯಾ ಹಿಡಿಯಿತು. ಬಿಸಿಲಲ್ಲೂ ಕಂಬಳಿ ಹೊದ್ದು ಗಡಗಡ ನಡುಗುವವರೇ ಎಲ್ಲ.

ಹಂಪಣ್ಣ ಊಟ ನಿದ್ದೆ ಬಿಟ್ಟು ಒಂದು ನಕ್ಷೆ ಬರೆದ. ಜ್ವರ ಬಂದ ಮನೆಗೆಲ್ಲ ಕೆಂಪು ಚುಕ್ಕೆ, ಜ್ವರ ಹರಡುವ ದಾರಿಗೆಲ್ಲ ಬಾಣದ ಗುರುತು. ಮುಂದೆ ಯಾವ ಊರಿಗೆ ಕಾಲಿಡುತ್ತದೆ ಎಂಬ ಲೆಕ್ಕ ಬೇರೆ. ಚೆಂದವಾಗಿತ್ತು, ಸುಳ್ಳು ಯಾಕೆ ಹೇಳಲಿ.

"ಗುರುಗಳೇ, ಜ್ವರ ಬರುತ್ತಿರುವುದು ಆ ದಡದಿಂದ. ಬಾಣ ನೋಡಿ, ಎಲ್ಲವೂ ಈಚೆಗೇ ತಿರುಗಿವೆ."

"ಅಲ್ಲಿಗೆ ಹೋಗಿ ನೋಡಿದೆಯಾ?"

"ಇಲ್ಲ, ಅದು ಬೇರೆ ದೇಶವಲ್ಲವೇ? ಆದರೆ ಹೊಳೆಯ ಹತ್ತಿರವೇ ಚುಕ್ಕೆ ಹೆಚ್ಚು. ಇನ್ನೇನು ಬೇಕು? ನಾಳೆ ಗಡಿ ಅಧಿಕಾರಿ ಬರುತ್ತಾರೆ. ಇದನ್ನು ಕಂಡರೆ ದೋಣಿ ನಿಲ್ಲಿಸುತ್ತಾರಂತೆ."

"ದೋಣಿ ನಿಂತರೆ ನಿಮ್ಮ ಅಕ್ಕ ಹೆರಿಗೆಗೆ ಹೇಗೆ ಬರುತ್ತಾಳೋ?"

ಹಂಪಣ್ಣನ ಮುಖ ಸಪ್ಪಗಾಯಿತು. ಅಕ್ಕ ತುಂಗವ್ವನನ್ನು ಕೊಟ್ಟದ್ದು ಆ ದಡಕ್ಕೆ. ಚೊಚ್ಚಲ ಬಸುರಿ, ತವರಿಗೆ ಬರಲು ಗಂಟು ಕಟ್ಟಿಕೊಂಡು ಕುಳಿತಿದ್ದಳು.

"ಏನು ಮಾಡಲಿ ಗುರುಗಳೇ? ಅಕ್ಕನಿಗಾಗಿ ಸುಳ್ಳು ನಕ್ಷೆ ಬರೆಯಲೇ?" ಅವನಿಗೆ ಅಳುವೇ ಬಂತು.

"ಛೆ ಛೆ, ಸುಳ್ಳು ಬೇಡಪ್ಪ. ಮೊದಲು ಹಣ್ಣು ತಿನ್ನು." ಗುರುಗಳು ಕಲ್ಲಂಗಡಿಯ ಒಂದು ಹೋಳು ಕೊಟ್ಟರು.

ಹಂಪಣ್ಣ ದುಃಖದಲ್ಲೂ ಚೆನ್ನಾಗಿಯೇ ತಿಂದ.

"ಎಲ್ಲಿ ಬೆಳೆದದ್ದು ಇದು?"

"ಹೊಳೆ ನಡುವಿನ ಮರಳ ದಿಬ್ಬದಲ್ಲಿ."

"ಆ ದಿಬ್ಬ ನಿನ್ನ ನಕ್ಷೆಯಲ್ಲಿ ಎಲ್ಲಿದೆ?"

ಹಂಪಣ್ಣ ಹುಡುಕಿದ. ಹೊಳೆ ಇರಬೇಕಾದ ಕಡೆ ಒಂದು ನೀಲಿ ಗೆರೆ ಎಳೆದಿದ್ದ, ಅಷ್ಟೇ.

"ಅದು ಗಡಿ, ಗುರುಗಳೇ. ಗಡಿಯ ಮೇಲೆ ಯಾರಿರುತ್ತಾರೆ?"

"ಹೌದಲ್ಲ! ಹಾಗಾದರೆ ಹಣ್ಣು ತಾನೇ ಈಜಿಕೊಂಡು ಬಂದಿರಬೇಕು."

ಹಂಪಣ್ಣ ಬಾಯಿ ಒರೆಸಿಕೊಂಡವನೇ ದಿಬ್ಬಕ್ಕೆ ಓಡಿದ. ಹೊತ್ತು ಮುಳುಗುವ ಮುಂಚೆ, ಮೈಗೆಲ್ಲ ಮರಳು ಮೆತ್ತಿಕೊಂಡು ತಿರುಗಿ ಬಂದ.

"ಗುರುಗಳೇ, ಅಲ್ಲೊಂದು ಊರೇ ಇದೆ! ಎರಡೂ ದಡದವರು ಕಲ್ಲಂಗಡಿ ಹಾಕಿದ್ದಾರೆ. ನರಿ ಕಾಟ, ರಾತ್ರಿ ಅಲ್ಲೇ ಮಲಗುತ್ತಾರೆ. ಬಳ್ಳಿಗೆ ನೀರು ಬೇಕೆಂದು ಮರಳಲ್ಲಿ ಗುಂಡಿ ತೋಡುತ್ತಾರೆ. ಅದು ಕುಸಿದರೆ ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು. ಬಿಟ್ಟ ಗುಂಡಿಯ ತುಂಬ ಸೊಳ್ಳೆಮರಿ! ನಾನು ಕೆಂಪು ಚುಕ್ಕೆ ಇಟ್ಟ ಮನೆಯವರೆಲ್ಲ ಅಲ್ಲಿ ಕಾವಲಿಗೆ ಹೋಗುವವರೇ. ಜ್ವರ ಹತ್ತಿಸಿಕೊಂಡು ಮನೆಗೆ ಬರುತ್ತಾರೆ."

"ಬಾಣಗಳ ಗತಿ?"

"ನಡುವಿನಿಂದ ಎರಡೂ ದಡಕ್ಕೆ!"

ಬೆಳಗ್ಗೆ ಈ ದಡದ ಅಧಿಕಾರಿ ಬಂದ. ಆ ದಡದ ಅಧಿಕಾರಿಯೂ ದೋಣಿಯಲ್ಲಿ ಬಂದಿಳಿದ. ಅವನ ಕೈಯಲ್ಲೂ ಒಂದು ನಕ್ಷೆ. ಅದರ ಬಾಣಗಳೆಲ್ಲ ಆಚೆಗೆ ತಿರುಗಿದ್ದವು. ಗುರುಗಳಿಗೆ ನಗು ತಡೆಯಲಾಗಲಿಲ್ಲ.

ಹಂಪಣ್ಣ ಹೊಸ ನಕ್ಷೆ ಹಾಸಿದ. "ಬಿಟ್ಟ ಗುಂಡಿಗಳನ್ನು ಮುಚ್ಚಿಸಿ ಸ್ವಾಮಿ, ಜ್ವರ ಇಳಿಯುತ್ತದೆ. ದೋಣಿ ಏನು ಪಾಪ ಮಾಡಿದೆ?"

"ದಿಬ್ಬ ನಮ್ಮ ದೇಶಕ್ಕೆ ಸೇರಿದ್ದಲ್ಲ. ಆಳು ಕಳಿಸಲು ಬರುವುದಿಲ್ಲ," ಎಂದ ಈ ದಡದವನು.

"ನಮ್ಮದೂ ಅಲ್ಲ," ಎಂದ ಆ ದಡದವನು.

"ಗುಂಡಿ ಮುಚ್ಚುವವರೆಗೆ ದೋಣಿ ನಿಲ್ಲಲಿ," ಎಂದ ಈ ದಡದವನು. ಇದೊಂದು ಮಾತಿಗೆ ಇಬ್ಬರೂ ಕೂಡಲೇ ಒಪ್ಪಿಕೊಂಡರು.

ಹಂಪಣ್ಣ ಹೌಹಾರಿದ. "ಅಯ್ಯೋ, ಮುಚ್ಚುವವರು ಯಾರು? ಗುರುಗಳೇ, ಅಕ್ಕನಿಗೆ ದಿನ ತುಂಬುತ್ತಾ ಬಂತು! ಆ ಜಾಗ ಯಾರದ್ದೂ ಅಲ್ಲವಂತೆ!"

ಗುರುಗಳು ಪಂಚೆ ಎತ್ತಿ ಕಟ್ಟಿದರು. ಸನಿಕೆ ಹೆಗಲಿಗೇರಿಸಿ ಹೊಳೆಗೆ ಇಳಿದೇಬಿಟ್ಟರು. ದಿಬ್ಬದವರೆಗೆ ಮೊಣಕಾಲುದ್ದ ನೀರು, ದೋಣಿ ಬೇಕಾಗುವ ಆಳವೆಲ್ಲ ಅದರಾಚೆಗೆ.

"ಸ್ವಾಮಿ, ನಿಲ್ಲಿ! ಯಾರ ಅಪ್ಪಣೆ ಪಡೆದು ಹೋಗುತ್ತಿದ್ದೀರಿ?" ಅಧಿಕಾರಿಗಳಿಬ್ಬರೂ ಒಟ್ಟಿಗೇ ಕೂಗಿದರು.

ಗುರುಗಳು ನೀರಲ್ಲೇ ತಿರುಗಿ ನಕ್ಕರು.

"ಯಾರದ್ದೂ ಅಲ್ಲದ ಜಾಗಕ್ಕೆ ಯಾರ ಅಪ್ಪಣೆ ಬೇಕಪ್ಪ? ಬಾರೋ ಹಂಪಣ್ಣ, ಗುಂಡಿ ಮುಚ್ಚಿ, ದೋಣಿ ಬಿಡಿಸಿ, ಹಾಗೇ ಅಕ್ಕನನ್ನೂ ಕರೆತರೋಣ."